ಹಾಸನದ ಹಾರ್ಟ್ ಅಟ್ಯಾಕ್ ಪಟ್ಟಿ: ಸುದ್ದಿ ನಿಜ, ಲೆಕ್ಕ ತಪ್ಪು

2025ರ ಜೂನ್ ಕೊನೆಯ ಹೊತ್ತಿಗೆ ಹಾಸನ ಜಿಲ್ಲೆಯವರ ಮೊಬೈಲುಗಳಲ್ಲಿ ಒಂದು ಪಟ್ಟಿ ಓಡಾಡುತ್ತಿತ್ತು. ಹೆಸರು, ವಯಸ್ಸು, ಊರು. ಮುಂದೆ ಒಂದು ಕ್ರಮಸಂಖ್ಯೆ. ಬೆಳಗ್ಗೆ ನೋಡಿದ ನಂಬರು ಸಂಜೆಗೆ ಇರುತ್ತಿರಲಿಲ್ಲ, ಒಂದು ಜಾಸ್ತಿ ಆಗಿರುತ್ತಿತ್ತು. ಹೊಳೆನರಸೀಪುರದ ಗುಂಪಿನಿಂದ ಬೇಲೂರಿಗೆ, ಅಲ್ಲಿಂದ ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಮಾಡುವ ಹುಡುಗರಿಗೆ, ಅವರಿಂದ ವಾಪಸ್ ಊರಿನಲ್ಲಿರುವ ಅಮ್ಮನ ಫೋನಿಗೆ. "ಮಗಾ, ನೀನೂ ಒಂದ್ಸಲ ತೋರಿಸ್ಕೊಂಡು ಬಾ" ಅನ್ನುವ ಮಾತಿಲ್ಲದೆ ಆ ದಿನಗಳಲ್ಲಿ ಊರಿನ ಫೋನ್ ಕರೆ ಮುಗಿಯುತ್ತಲೇ ಇರಲಿಲ್ಲ.

ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಎಕ್ಸ್‌ನಲ್ಲಿ ಈ ವಿಷಯ ಬರೆದರು. ಹಾಸನ ಜಿಲ್ಲೆಯೊಂದರಲ್ಲೇ ಒಂದು ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತಿದ್ದಾರೆ, ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಕಾರಣ ಹುಡುಕುತ್ತದೆ ಎಂದರು. ಕೋವಿಡ್ ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟದ್ದೂ ಒಂದು ಕಾರಣ ಇರಬಹುದು ಎಂದು ಜೊತೆಗೊಂದು ಮಾತು ಸೇರಿಸಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು, ಲಸಿಕೆಗೂ ಹಠಾತ್ ಸಾವಿಗೂ ನಂಟಿಲ್ಲ ಎಂದಿತು. ಔಷಧ ಕಂಪನಿ ಬಯೋಕಾನ್‌ನ ಕಿರಣ್ ಮಜುಂದಾರ್ ಷಾ ಕೂಡ ಮುಖ್ಯಮಂತ್ರಿಗಳ ಮಾತನ್ನು ಒಪ್ಪಲಿಲ್ಲ. ಅಷ್ಟೊತ್ತಿಗೆ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಾಗುವ ಮೊದಲೇ ಸಾಲು ಹತ್ತಿತ್ತು. ಎದೆನೋವು ಇದ್ದವರು ಎಷ್ಟೋ, ಎದೆಯಲ್ಲಿ ಭಯ ಇದ್ದವರೇ ಜಾಸ್ತಿ.

ಆಮೇಲೆ ವರದಿ ಬಂತು. ಸಮಿತಿ ನೋಡಿದ್ದು 24 ಸಾವುಗಳನ್ನು. ಅದರಲ್ಲಿ 4 ಹೃದಯಕ್ಕೆ ಸಂಬಂಧಪಟ್ಟ ಸಾವೇ ಅಲ್ಲ. ಉಳಿದ 20ರಲ್ಲಿ ಕೆಲವು ಖಚಿತವಾಗಿ ಹೃದಯದ ಸಾವು, ಕೆಲವು ಇರಬಹುದು ಅನ್ನುವಂಥವು. ಆಸ್ಪತ್ರೆಗಳಿಗೆ ದಾಖಲಾದ ಹೃದ್ರೋಗಿಗಳ ಸಂಖ್ಯೆ ನೋಡಿದರೆ ಹಾಸನದಲ್ಲಿ ಅಸಹಜ ಏರಿಕೆ ಏನೂ ಕಾಣುವುದಿಲ್ಲ ಎಂದಿತು ಸಮಿತಿ.

ವರದಿ ಬಂದ ಮೇಲೆ ಊರಲ್ಲಿ ಎರಡು ಥರದ ಮಾತು ಶುರುವಾಯಿತು. "ನೋಡಿದ್ರಾ, ಎಲ್ಲಾ ವಾಟ್ಸಾಪ್ ಸುಳ್ಳು" ಎಂದರು ಒಂದಷ್ಟು ಜನ. "ಸರ್ಕಾರ ಮುಚ್ಚಿ ಹಾಕ್ತು ಬಿಡಿ" ಎಂದರು ಇನ್ನೊಂದಷ್ಟು ಜನ. ನನಗೆ ಎರಡೂ ಒಪ್ಪಿಗೆಯಿಲ್ಲ. ಆ ಪಟ್ಟಿಯಲ್ಲಿದ್ದ ಸಾವುಗಳು ಸುಳ್ಳಲ್ಲ. ಸತ್ತವರಿಗೆ ಮನೆ ಇತ್ತು, ಹನ್ನೊಂದನೇ ದಿನದ ಕಾರ್ಯ ಆಯಿತು. ಒಂದೊಂದು ಸುದ್ದಿಯೂ ನಿಜವಿದ್ದು, ಎಲ್ಲ ಸೇರಿಸಿದಾಗ ಬಂದ ತೀರ್ಮಾನ ಮಾತ್ರ ತಪ್ಪಾಗುವುದು ಹೇಗೆ? ಸುಳ್ಳು ಸುದ್ದಿ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ನಿಜ ಸುದ್ದಿಯೇ ದಾರಿ ತಪ್ಪಿಸುವುದರ ಬಗ್ಗೆ ಅಷ್ಟು ಮಾತಾಡಿಲ್ಲ.

ಮೊದಲು ಕೂಡಿ ಕಳೆಯೋಣ

2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ. ನಮ್ಮ ದೇಶದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಹೆಚ್ಚುಕಡಿಮೆ ಆರು ಮಂದಿ ಸಾಯುತ್ತಾರೆ. ಆ ಲೆಕ್ಕದಲ್ಲಿ ಹಾಸನ ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಮೇಲ್ಪಟ್ಟು ಸಾವು. ದಿನಕ್ಕೆ ಸುಮಾರು 30. ದೇಶದ ಒಟ್ಟು ಸಾವುಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ, ಲಕ್ವವೂ ಸೇರಿ. ಅಂದರೆ ಯಾರೂ ಪಟ್ಟಿ ಮಾಡದ, ಟಿವಿಯಲ್ಲಿ ಬಾರದ ಮಾಮೂಲಿ ದಿನದಲ್ಲೂ ಜಿಲ್ಲೆಯಲ್ಲಿ ಏಳೆಂಟು ಜನ ಈ ಕಾಯಿಲೆಗಳಿಂದ ಸಾಯುತ್ತಿರುತ್ತಾರೆ. ತಿಂಗಳಿಗೆ ಇನ್ನೂರಕ್ಕೂ ಹೆಚ್ಚು.

ಇದು ಒರಟು ಲೆಕ್ಕ, ನಿಜ. ಆದರೆ ಒರಟು ಲೆಕ್ಕವೂ ಒಂದು ವಿಷಯ ಹೇಳುತ್ತದೆ. ಪಟ್ಟಿಯಲ್ಲಿ ಇದ್ದದ್ದು 20 ಚಿಲ್ಲರೆ ಹೆಸರು. ಇನ್ನೂರರಲ್ಲಿ ಉಳಿದವರು ಎಲ್ಲಿ ಹೋದರು? ಅವರು ಎಪ್ಪತ್ತು ದಾಟಿದವರು, ವರ್ಷಗಟ್ಟಲೆ ಮಾತ್ರೆ ತಿಂದವರು, ಹಾಸಿಗೆ ಹಿಡಿದವರು. ಅಜ್ಜ ಸತ್ತರೆ "ವಯಸ್ಸಾಗಿತ್ತು" ಎನ್ನುತ್ತೇವೆ, ಹಾರ್ಟ್ ಅಟ್ಯಾಕ್ ಎನ್ನುವುದಿಲ್ಲ. ಪಟ್ಟಿಗೆ ಬಂದವರು ನಿಂತಲ್ಲೇ ಕುಸಿದವರು, ಚಿಕ್ಕ ವಯಸ್ಸಿನವರು, ಸಿಸಿಟಿವಿಯಲ್ಲಿ ಬಿದ್ದದ್ದು ಕಂಡವರು. ಹಾಗಾಗಿ ಅದು ಹೃದಯಾಘಾತದ ಪಟ್ಟಿ ಆಗಿರಲಿಲ್ಲ. ನಮಗೆ ಶಾಕ್ ಕೊಟ್ಟ ಸಾವುಗಳ ಪಟ್ಟಿ ಆಗಿತ್ತು.

ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ. 45 ವರ್ಷದೊಳಗಿನವರು ಹೀಗೆ ದಿಢೀರ್ ಅಂತ ಸಾಯುವುದು 2024ರ ಜೂನ್‌ನಲ್ಲಿ ಎಷ್ಟಿತ್ತು, 2019ರ ಜೂನ್‌ನಲ್ಲಿ ಎಷ್ಟಿತ್ತು? ಇದಕ್ಕೆ ಉತ್ತರ ಕೊಡುವ ಪುಸ್ತಕ ಜಿಲ್ಲೆಯ ಯಾವ ಕಚೇರಿಯ ಬೀರುವಿನಲ್ಲೂ ಇರಲಿಲ್ಲ. ಸಮಿತಿ ಕೂಡ ಆಸ್ಪತ್ರೆಯ ದಾಖಲಾತಿಗಳನ್ನೇ ಹೋಲಿಸಿ ನೋಡಬೇಕಾಯಿತು. ಆದರೆ ಮನೆಯಲ್ಲೇ, ಹೊಲದಲ್ಲೇ ಕುಸಿದು ಸತ್ತವನು ಆಸ್ಪತ್ರೆಗೆ ದಾಖಲಾಗಿರುವುದಿಲ್ಲ ಅಲ್ವಾ?

ಪಟ್ಟಿ ಬೆಳೆದದ್ದು ಹೇಗೆ

ವಾಟ್ಸಾಪ್ ಕಂಪನಿ ಫಾರ್ವರ್ಡ್ ಕಾಟ ತಡೆಯಲು ಪ್ರಯತ್ನ ಮಾಡಿಲ್ಲ ಅಂತಲ್ಲ. 2018ರಲ್ಲಿ ಮಕ್ಕಳ ಕಳ್ಳರ ವದಂತಿಯಿಂದ ದೇಶದಲ್ಲಿ ಜನ ಹೊಡೆದು ಸಾಯಿಸಿದ ಮೇಲೆ, ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಎಂದು ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಸಮಯದಲ್ಲಿ, ತುಂಬಾ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು ಎಂದಿತು. ಎರಡು ಬಾಣದ ಗುರುತು ಬರುತ್ತದಲ್ಲ, ಅದು.

ಹಾಸನದ ಪಟ್ಟಿಗೆ ಈ ಬೇಲಿ ಯಾವುದೂ ತಾಗಲಿಲ್ಲ. ಯಾಕೆಂದರೆ ಜನ ಅದನ್ನು ಸುಮ್ನೆ ಫಾರ್ವರ್ಡ್ ಮಾಡಲಿಲ್ಲ. ಕಾಪಿ ಮಾಡಿ, ಕೊನೆಯಲ್ಲಿ ತಮಗೆ ಗೊತ್ತಾದ ಒಂದು ಹೆಸರು ಸೇರಿಸಿ, ಹೊಸ ಮೆಸೇಜಾಗಿ ಕಳಿಸಿದರು. ಕಾಪಿ ಮಾಡಿ ಅಂಟಿಸಿದ್ದಕ್ಕೆ ಬಾಣದ ಗುರುತಿಲ್ಲ, ಮಿತಿಯೂ ಇಲ್ಲ. ಕಂಪನಿಯ ಕಣ್ಣಿಗೆ ಅದು ಆಗತಾನೇ ಒಬ್ಬರು ಟೈಪ್ ಮಾಡಿದ ಮಾತು. ಓದುವವನಿಗೂ ಅಷ್ಟೇ. ಎರಡು ಬಾಣದ ಮೆಸೇಜನ್ನು ಅನುಮಾನದಿಂದ ನೋಡುವಷ್ಟು ನಾವೀಗ ಜಾಣರಾಗಿದ್ದೇವೆ. ಆದರೆ ಸೋದರತ್ತೆಯ ಮಗ ಸ್ವತಃ ಬರೆದಂತೆ ಕಾಣುವ, ಪಕ್ಕದ ಊರಿನವನ ಹೆಸರಿರುವ ಮೆಸೇಜನ್ನು ಯಾರು ಅನುಮಾನಿಸುತ್ತಾರೆ?

ಪಟ್ಟಿಗೆ ಸೇರುವ ಅರ್ಹತೆಯೂ ದಿನದಿಂದ ದಿನಕ್ಕೆ ಸಡಿಲವಾಯಿತು. ಮೊದಲು ಹಾಸನದಲ್ಲಿ ಸತ್ತವರು. ಆಮೇಲೆ ಬೆಂಗಳೂರಿನಲ್ಲಿ ಸತ್ತರೂ "ಹಾಸನ ಮೂಲದ" ಯುವಕ. ಆಮೇಲೆ ಚಿಕ್ಕಮಗಳೂರು, ಶಿವಮೊಗ್ಗದಲ್ಲಿ ಸತ್ತರೆ "ಹಾಸನದ ಬಳಿಕ ಈಗ ಇಲ್ಲೂ". ಸೇರಿಸುವವರು ಸಾವಿರ ಜನ, ತೆಗೆಯುವವರು ಯಾರೂ ಇಲ್ಲ. ಪಟ್ಟಿಯಿಂದ ಹೆಸರು ಹೊರಗೆ ಬಂದದ್ದನ್ನು ನಾನು ನೋಡಲೇ ಇಲ್ಲ. ಆ ನಾಲ್ಕು ಸಾವು ಹೃದಯದ್ದಲ್ಲ ಎಂದು ವರದಿ ಹೇಳಿದ ಮೇಲೂ ಯಾವ ಗುಂಪಿನಲ್ಲೂ "24 ಅಲ್ಲ, 20" ಎಂಬ ತಿದ್ದುಪಡಿ ಬಂದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಟ್ವರ್ಸ್ಕಿ ಮತ್ತು ಕಾಹ್ನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1973ರಲ್ಲೇ ಹೇಳಿದ್ದರು: ಯಾವುದು ಥಟ್ಟನೆ ನೆನಪಿಗೆ ಬರುತ್ತದೋ ಅದೇ ಜಾಸ್ತಿ ನಡೆಯುತ್ತಿದೆ ಎಂದು ಮನುಷ್ಯ ಅಂದಾಜು ಹಾಕುತ್ತಾನೆ. ಆಗ ನೆನಪು ತಾನಾಗೇ ಬರಬೇಕಿತ್ತು. ಈಗ ಫೋನೇ ಅರ್ಧ ಗಂಟೆಗೊಮ್ಮೆ ನೆನಪಿಸುತ್ತದೆ. ಒಂದು ಹಾರ್ಟ್ ಅಟ್ಯಾಕ್ ವಿಡಿಯೊ ಪೂರ್ತಿ ನೋಡಿದರೆ ಸಾಕು, ಮುಂದಿನ ಹತ್ತು ವಿಡಿಯೊ ಅದೇ.

ಅದೇ ಫೋನು, ಆನೆ ವಿಷಯದಲ್ಲಿ

ವಾಟ್ಸಾಪ್ ಅಂದರೆ ಬರೀ ಗಾಬರಿ ಎಂದು ಬರೆದು ಮುಗಿಸಬಹುದಿತ್ತು. ಆದರೆ ಇದೇ ಜಿಲ್ಲೆಯ ಸಕಲೇಶಪುರ, ಆಲೂರು, ಬೇಲೂರಿನ ಕಡೆ ಹೋದರೆ ಬೇರೆಯೇ ಚಿತ್ರ ಸಿಗುತ್ತದೆ.

ಅಲ್ಲಿ ಕಾಫಿ ತೋಟದ ಜನ ಬೆಳಗ್ಗೆ ಎದ್ದು ಮೊದಲು ನೋಡುವುದು ಆನೆ ಮೆಸೇಜು. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ರಾತ್ರಿಯಿಡೀ ಆನೆ ಹಿಂದೆ ಓಡಾಡಿ, ಯಾವ ತೋಟದಲ್ಲಿ ಗುಂಪಿದೆ, ಒಂಟಿ ಸಲಗ ಯಾವ ರಸ್ತೆ ದಾಟಿತು ಎಂದು ತಿಳಿಸುತ್ತಾರೆ. ಕೆಲವು ಆನೆಗಳಿಗೆ ರೇಡಿಯೊ ಕಾಲರ್ ಇದೆ. ಎಸ್ಸೆಮ್ಮೆಸ್, ರಸ್ತೆ ಬದಿಯ ಎಚ್ಚರಿಕೆ ದೀಪ, ವಾಟ್ಸಾಪ್ ಗುಂಪು, ಎಲ್ಲ ಸೇರಿ ಕೆಲಸ ಮಾಡುತ್ತವೆ. ಆಳುಗಳನ್ನು ಇವತ್ತು ಯಾವ ಕಡೆ ಕೆಲಸಕ್ಕೆ ಕಳಿಸಬೇಕು, ಮಕ್ಕಳನ್ನು ಸ್ಕೂಲಿಗೆ ನಡೆಸಿಕೊಂಡು ಹೋಗಬೇಕಾ, ಜೀಪಿನಲ್ಲಿ ಬಿಡಬೇಕಾ ಎಂಬುದನ್ನು ಜನ ಆ ಮೆಸೇಜು ನೋಡಿ ತೀರ್ಮಾನಿಸುತ್ತಾರೆ. ಆನೆ ಕಾಟ ಇದರಿಂದ ನಿಂತಿಲ್ಲ. ಆದರೆ ಮೆಸೇಜನ್ನು ಜನ ನಂಬುತ್ತಾರೆ.

ಅದೇ ಜನ, ಅದೇ ಫೋನು. ಅಲ್ಲಿ ಕೆಲಸ ಮಾಡುವುದು ಇಲ್ಲಿ ಯಾಕೆ ಕೆಡುತ್ತದೆ? ಆನೆ ಸುದ್ದಿಗೆ ಜಾಗ ಇದೆ, ಹೊತ್ತು ಇದೆ, ಹೇಳಿದವರ ಹೆಸರಿದೆ. ಸುಳ್ಳಾದರೆ ಮಧ್ಯಾಹ್ನದೊಳಗೆ ಗೊತ್ತಾಗುತ್ತದೆ, "ಎಲ್ರೀ ಆನೆ?" ಎಂದು ಕೇಳಲು ಒಬ್ಬ ಮನುಷ್ಯ ಸಿಗುತ್ತಾನೆ. ಆನೆ ಪಕ್ಕದ ತೋಟಕ್ಕೆ ಹೋದರೆ ಹಳೇ ಮೆಸೇಜು ತಾನಾಗೇ ಸಾಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಎಣಿಸುವುದೇ ಸಂಬಳದ ಕೆಲಸವಾಗಿರುವ ಜನ ಇದ್ದಾರೆ. ಹಾರ್ಟ್ ಅಟ್ಯಾಕ್ ಪಟ್ಟಿಗೆ ಇದ್ಯಾವುದೂ ಇರಲಿಲ್ಲ.

ಹಾಗಂತ ಆನೆ ವಿಷಯವೂ ಸಲೀಸೇನಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಕಾರ್ಯಾಚರಣೆ ವೇಳೆ ದಸರಾ ಆನೆ ಅರ್ಜುನ ಸತ್ತಾಗ ಏನಾಯಿತು ನೆನಪಿದೆಯಾ? ಅಂಬಾರಿ ಹೊತ್ತ ಆನೆ ಹೇಗೆ ಸತ್ತಿತು ಎಂಬುದಕ್ಕೆ ಸಂಜೆಯೊಳಗೆ ಹತ್ತು ಕಥೆ ಹುಟ್ಟಿದವು. ಅಧಿಕೃತವಾಗಿ ಹೇಳುವವರು ತಡ ಮಾಡಿದಷ್ಟೂ ಮೊಬೈಲಿನ ಕಥೆಗೆ ಜಾಗ ಸಿಗುತ್ತದೆ.

ಯಾರ ಕೈಯಲ್ಲಿ ಯಾವ ಕಾರಣ

ಇನ್ನು ಕಾರಣಗಳ ವಿಷಯ. ಇದನ್ನು ನೋಡುವುದೇ ಒಂದು ಮಜಾ, ವಿಷಯ ಸಾವಿನದ್ದಾಗಿರದಿದ್ದರೆ.

ಮೋದಿ ಸರ್ಕಾರ ಕಂಡರೆ ಆಗದವರಿಗೆ ಕಾರಣ ಲಸಿಕೆ. ಸಿದ್ದರಾಮಯ್ಯನವರನ್ನು ಕಂಡರೆ ಆಗದವರಿಗೆ ಸರ್ಕಾರಿ ಆಸ್ಪತ್ರೆಯ ಸ್ಥಿತಿ. ಸಾವಯವ ಕೃಷಿ ಮಾಡುವವರಿಗೆ ಆಲೂಗಡ್ಡೆ, ಶುಂಠಿಗೆ ಹೊಡೆಯುವ ಔಷಧಿ. ಮಾಂಸ ತಿನ್ನದವರಿಗೆ ಫಾರಂ ಕೋಳಿ. ಕೋಳಿ ತಿನ್ನುವವರಿಗೆ ಸಕ್ಕರೆ, ಮೈದಾ. ಅಪ್ಪಂದಿರಿಗೆ ಮಕ್ಕಳ ಜಿಮ್ಮು, ಪ್ರೋಟೀನ್ ಪುಡಿ. ಮಕ್ಕಳಿಗೆ ಅಪ್ಪಂದಿರ ಬೀಡಿ. ಊರಿನ ಹಿರಿಯರಿಗೆ ಮೊಬೈಲು, ತಡರಾತ್ರಿ ನಿದ್ದೆ. ಒಂದಿಬ್ಬರು ಟವರ್ ಕಡೆಯೂ ಕೈ ತೋರಿಸಿದರು. ಸಾವಿಗೆ ಕಾರಣ ಹುಡುಕುತ್ತಿದ್ದೇವೆ ಎಂದುಕೊಂಡು ಪ್ರತಿಯೊಬ್ಬರೂ ತಮಗೆ ಮೊದಲೇ ಆಗದವರ ಮನೆ ಬಾಗಿಲಿಗೆ ಹೋಗಿ ನಿಂತರು. ತನ್ನದೇ ಅಭ್ಯಾಸ ಕಾರಣ ಇರಬಹುದು ಎಂದ ಒಬ್ಬನೂ ನನಗೆ ಸಿಗಲಿಲ್ಲ.

ಲಸಿಕೆ ವಾದವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಅದನ್ನು ಹೇಳಿದವರು ಮುಖ್ಯಮಂತ್ರಿ. ಐಸಿಎಂಆರ್ 2023ರಲ್ಲಿ 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ ಒಂದು ಅಧ್ಯಯನ ಮಾಡಿತು. 18ರಿಂದ 45 ವರ್ಷದೊಳಗಿನ, ಮೇಲ್ನೋಟಕ್ಕೆ ಆರೋಗ್ಯವಾಗಿದ್ದು 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್ ನಡುವೆ ದಿಢೀರ್ ಸತ್ತವರನ್ನು, ಅದೇ ವಯಸ್ಸಿನ ಬದುಕಿರುವವರ ಜೊತೆ ಹೋಲಿಸಿತು. ಲಸಿಕೆ ಹಾಕಿಸಿಕೊಂಡವರಲ್ಲಿ ಅಪಾಯ ಹೆಚ್ಚಿರಲಿಲ್ಲ, ಎರಡು ಡೋಸ್ ಆದವರಲ್ಲಿ ಕಡಿಮೆಯೇ ಇತ್ತು. ಅಪಾಯ ಹೆಚ್ಚಿಸಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಿಂದೆ ಹೀಗೆ ಹಠಾತ್ ಸಾವಾಗಿದ್ದು, ಸಾಯುವ 48 ಗಂಟೆಯೊಳಗೆ ವಿಪರೀತ ಕುಡಿದದ್ದು, ಹಾಗೇ ಆ 48 ಗಂಟೆಯೊಳಗೆ ಮೈಮುರಿಯುವಷ್ಟು ಶ್ರಮಪಟ್ಟದ್ದು. ಕೊನೆಗೆ ರಾಜ್ಯದ ಸಮಿತಿಯೂ ಲಸಿಕೆಯನ್ನು ಕಾರಣ ಮಾಡಲಿಲ್ಲ. ಅಷ್ಟು ದೊಡ್ಡ ಹುದ್ದೆಯಲ್ಲಿರುವವರು ಸಮಿತಿಯ ವಿಷಯ ಹೇಳಿದ ದಿನವೇ ಉತ್ತರದ ಸುಳಿವನ್ನೂ ಕೊಟ್ಟರೆ, ಆಮೇಲೆ ಬರುವ ವರದಿಯನ್ನು ಅರ್ಧ ಜನ ನಂಬುವುದಿಲ್ಲ. "ಮುಚ್ಚಿ ಹಾಕ್ತು" ಎಂಬ ಮಾತಿಗೆ ಮೊದಲು ನೀರೆರೆದದ್ದು ಆ ಪೋಸ್ಟೇ ಎಂದು ನನ್ನ ಅಭಿಪ್ರಾಯ.

ನಿಜವಾದ ಕಾರಣಗಳು ಹೊಸವಲ್ಲ, ಅದಕ್ಕೇ ಫಾರ್ವರ್ಡ್ ಆಗುವುದಿಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಹೃದಯಾಘಾತದ ಜೊತೆ ನಂಟಿರುವ ಒಂಬತ್ತು ಅಂಶ ಗುರುತಿಸಿತ್ತು. ಹೊಗೆಸೊಪ್ಪು, ಕೊಲೆಸ್ಟ್ರಾಲ್, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ಮೈ ಬಗ್ಗಿಸದಿರುವುದು, ಕುಡಿತದ ಅಭ್ಯಾಸ. ಮೊದಲ ಹೃದಯಾಘಾತಗಳಲ್ಲಿ ನೂರಕ್ಕೆ ತೊಂಬತ್ತನ್ನು ಈ ಒಂಬತ್ತೇ ವಿವರಿಸುತ್ತವೆ. ದಕ್ಷಿಣ ಏಷ್ಯಾದವರಿಗೆ, ಅಂದರೆ ನಮಗೆ, ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಎಂದೂ ಅದರಲ್ಲೇ ಇತ್ತು. ಚಿಕ್ಕ ವಯಸ್ಸಿನ ಸಾವು ನಮ್ಮಲ್ಲಿ ಜಾಸ್ತಿ ಎಂಬುದು ವದಂತಿಯಲ್ಲ. 2025ರಲ್ಲಿ ದಿಢೀರ್ ಜಾಸ್ತಿಯಾಯಿತು ಎಂಬುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ.

ಗಾಬರಿಗೆ ಅಂಗಡಿ

ಭಯ ಹುಟ್ಟಿದ ಕಡೆ ವ್ಯಾಪಾರ ಹುಟ್ಟದೆ ಇರುತ್ತದಾ? ಲ್ಯಾಬುಗಳ ಮುಂದೆ ಹಾರ್ಟ್ ಚೆಕಪ್ ಪ್ಯಾಕೇಜಿನ ಬ್ಯಾನರು. ಮೊಬೈಲಿನಲ್ಲಿ ಸ್ಮಾರ್ಟ್ ವಾಚಿನ ಜಾಹೀರಾತು. ಮತ್ತೆ ಗಾಣದ ಎಣ್ಣೆ.

ಗಾಣದ ಎಣ್ಣೆ ಬಗ್ಗೆ ಸ್ವಲ್ಪ ಹೇಳಬೇಕು. ರಿಫೈನ್ಡ್ ಎಣ್ಣೆಯೇ ವಿಷ, ಮರದ ಗಾಣದ್ದೇ ಅಮೃತ ಎಂಬ ಮಾತು ಈಗ ಹಾಸನದ ಮಧ್ಯಮ ವರ್ಗದ ಮನೆಗಳಲ್ಲಿ ಹೆಚ್ಚುಕಡಿಮೆ ಮತಧರ್ಮದಂತೆ ಆಗಿದೆ. ಬೆಲೆ ರಿಫೈನ್ಡ್‌ಗಿಂತ ಎಷ್ಟೋ ಜಾಸ್ತಿ. ರುಚಿ ಚೆನ್ನಾಗಿದೆ, ಘಮ ಇದೆ, ಊರಿನ ಗಾಣದವನಿಗೆ ನಾಲ್ಕು ಕಾಸು ಸಿಗುತ್ತದೆ. ಕೊಳ್ಳಲು ಇಷ್ಟು ಕಾರಣ ಸಾಕು. ಆದರೆ ಎಣ್ಣೆಯನ್ನು ಮರದಲ್ಲಿ ಹಿಂಡಿದರೂ ಮಿಷನ್ನಿನಲ್ಲಿ ಹಿಂಡಿದರೂ ಒಂದು ಗ್ರಾಂಗೆ 9 ಕ್ಯಾಲೊರಿಯೇ. ಕಡಲೆಬೀಜದ ಎಣ್ಣೆಯ ಕೊಬ್ಬಿನ ಸ್ವಭಾವ ಗಾಣದಿಂದ ಬದಲಾಗುವುದಿಲ್ಲ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ತೆಂಗು ಬೆಳೆಯುವವರಿಗೆ ಬೇಜಾರಾದರೂ ಹೇಳಲೇಬೇಕು: ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು. ಎಷ್ಟೇ ಶುದ್ಧವಾಗಿರಲಿ, ಹೃದಯದ ವೈದ್ಯರು ಮಿತಿಯಲ್ಲಿ ಬಳಸಿ ಎನ್ನುವುದು ಅದಕ್ಕೇ. "ಗಾಣದ್ದಲ್ವಾ, ಏನಾಗಲ್ಲ" ಎಂದು ಬಾಣಲೆಗೆ ಇನ್ನೊಂದು ಸೌಟು ಸುರಿದರೆ ದುಡ್ಡು ಕೊಟ್ಟು ತೊಂದರೆ ತಂದುಕೊಂಡ ಹಾಗೆ.

ಇಷ್ಟೆಲ್ಲ ಎಣ್ಣೆ ಚರ್ಚೆಯಲ್ಲಿ ಉಪ್ಪಿನ ಮಾತೇ ಇಲ್ಲ. ದಿನಕ್ಕೆ 5 ಗ್ರಾಂ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಖಾರ ಮಿಕ್ಸ್‌ಚರ್ ಸೇರಿಸಿದರೆ ನಮ್ಮ ಕಡೆ ಒಂದು ಹೊತ್ತಿಗೇ ಅಷ್ಟಾಗಬಹುದು. ಬೇಕರಿಯ ಮಾತೂ ಇಲ್ಲ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಎಷ್ಟೋ ಮನೆತನಗಳ ಮೂಲ ಹಾಸನದ ಕಡೆಯದ್ದೇ. ಖಾರಾ ಬನ್ನು, ಪಫ್ಸನ್ನು ವೈರಿ ಮಾಡಲು ನಮಗೆ ಮನಸ್ಸು ಬರುವುದಿಲ್ಲ, ಇರಲಿ.

ಚೆಕಪ್ ವಿಷಯಕ್ಕೆ ಬಂದರೆ, ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿಕೊಳ್ಳುವುದು ಒಳ್ಳೆಯದೇ. ಆ ವಾರಗಳ ಗಾಬರಿಯಲ್ಲಿ ತಮಗೆ ಬಿಪಿ ಇದೆ ಎಂದು ಮೊದಲ ಸಲ ಗೊತ್ತಾದವರೂ ಇದ್ದಾರೆ. ಅಷ್ಟರ ಮಟ್ಟಿಗೆ ಲಾಭ. ಆದರೆ ಇಸಿಜಿ ನಾರ್ಮಲ್ ಬಂತು ಎಂದು ನಿಶ್ಚಿಂತೆಯಿಂದ ಸಿಗರೇಟು ಹಚ್ಚಿದವರ ಲೆಕ್ಕ? ಇಸಿಜಿ ಹೇಳುವುದು ಆ ಕ್ಷಣದ ಹೃದಯದ ಕಥೆ. ನಾಳೆ ರಕ್ತನಾಳ ಕಟ್ಟುತ್ತದೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ವಾಚಿನ ಇಸಿಜಿ ಇನ್ನೂ ಚಿಕ್ಕದು: ಆಸ್ಪತ್ರೆಯದ್ದು 12 ಲೀಡ್, ಅಂದರೆ ಹೃದಯವನ್ನು 12 ಕೋನದಿಂದ ನೋಡುತ್ತದೆ, ವಾಚಿನದ್ದು ಒಂದೇ. ಬಡಿತದ ತಾಳ ತಪ್ಪಿದರೆ ಹೇಳಬಹುದು, ಹೃದಯಾಘಾತ ಹಿಡಿಯಲು ಆಗುವುದಿಲ್ಲ. ಇಸಿಜಿ ಇರುವ ವಾಚ್ ಮಾರುವ ಆಪಲ್ ಕಂಪನಿಯೇ ಹಾಗೆಂದು ಬರೆದುಕೊಂಡಿದೆ, ಸಣ್ಣ ಅಕ್ಷರದಲ್ಲಿ.

ಅಪಾಯ ಇರುವುದು ಪುಕ್ಕಟೆ ಸಲಹೆಗಳಲ್ಲಿ. "ಒಬ್ಬರೇ ಇದ್ದಾಗ ಎದೆನೋವು ಬಂದರೆ ಜೋರಾಗಿ ಕೆಮ್ಮಿ, ಜೀವ ಉಳಿಯುತ್ತದೆ" ಎಂಬ ಮೆಸೇಜು ಇಮೇಲ್ ಕಾಲದಿಂದ, ಅಂದರೆ 1999ರ ಹೊತ್ತಿನಿಂದ ಸುತ್ತುತ್ತಿದೆ. ವೈದ್ಯರು ಒಪ್ಪದ ವಿದ್ಯೆ ಅದು. ಹಾಸನದ ಪಟ್ಟಿಯ ಬಾಲಕ್ಕೆ ಅದೂ ಅಂಟಿಕೊಂಡು ಬಂತು. ಮೂರು ಮಾತ್ರೆ ಸದಾ ಜೇಬಿನಲ್ಲಿಡಿ ಎಂಬ ಸಲಹೆಯೂ ಬಂತು. ಅದರಲ್ಲಿ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಬಿಪಿಯನ್ನು ಒಮ್ಮೆಲೇ ಇಳಿಸಬಲ್ಲದು. ಡಾಕ್ಟರು ಹೇಳದೆ ಕಂಡಕಂಡವರ ಬಾಯಿಗೆ ಹಾಕುವ ಮಾತ್ರೆಯಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಮೊದಲನೆಯದು ತೋಟದ ಪೈಪು ಕಟ್ಟಿಕೊಂಡ ಹಾಗೆ, ಎರಡನೆಯದು ಮೋಟಾರಿಗೆ ಕರೆಂಟೇ ಹೋದ ಹಾಗೆ. ಪೈಪು ಕಟ್ಟಿದಾಗ ಸ್ವಲ್ಪ ಸಮಯ ಇರುತ್ತದೆ. ನಮ್ಮ ಕಡೆ ಆ ಸಮಯ ಹಾಳಾಗುವುದು "ಗ್ಯಾಸ್ ಕಣೋ" ಎಂಬ ಒಂದು ಮಾತಿನಲ್ಲಿ. ಎದೆ ಹಿಡಿದುಕೊಂಡವನಿಗೆ ಜೀರಿಗೆ ಸೋಡ, ಆಮೇಲೆ ಈನೋ, ಆಮೇಲೆ ಸ್ವಲ್ಪ ಮಲಗು, ಆಮೇಲೆ ಕಾರು ಹುಡುಕಾಟ. ಎರಡು ಗಂಟೆ ಹೋಯಿತು. ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್. ಪಕ್ಕದ ಜಿಲ್ಲೆಯ ಕಳಸದಿಂದ ಚಿಕ್ಕಮಗಳೂರಿಗಾದರೆ ಮಳೆಗಾಲದಲ್ಲಿ ಹೇಳುವುದೇ ಬೇಡ.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೂ ಆಸ್ಪತ್ರೆಗಳಲ್ಲಿ ಇದೇ ಥರ ಸಾಲು ನಿಂತಿತ್ತು. ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅದನ್ನು ಆನ್‌ಲೈನ್‌ನಲ್ಲೇ ಪರಿಶೀಲಿಸಿ, ರಕ್ತದ ಗಂಟು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಮೊದಲ ಗಂಟೆಗಳಲ್ಲಿ ಸಿಕ್ಕರೆ ಜೀವ ಉಳಿಸುವ ಔಷಧಿ. ಆ ಜೂನ್‌ನಲ್ಲಿ ನನಗೆ ಬಂದ ಹಾರ್ಟ್ ಅಟ್ಯಾಕ್ ಮೆಸೇಜುಗಳಲ್ಲಿ ಇದನ್ನು ಹೇಳಿದ್ದು ಒಂದೂ ಇರಲಿಲ್ಲ. ಹತ್ತಿರದ ತಾಲ್ಲೂಕು ಆಸ್ಪತ್ರೆ ಬಿಟ್ಟು ಎದೆನೋವು ಇಟ್ಟುಕೊಂಡೇ ನೇರ ಮೈಸೂರಿಗೆ ಹೊರಡುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ.

ಪುಸ್ತಕದಲ್ಲಿ ಬರೆಯದ ಸಾವು

ಮತ್ತೆ ಲೆಕ್ಕಕ್ಕೆ ಬರೋಣ. ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಕರ್ನಾಟಕದಲ್ಲಿ ಇ-ಜನ್ಮ ತಂತ್ರಾಂಶದಲ್ಲಿ ನೋಂದಣಿ ಆಗುತ್ತದೆ. ಸಾವು ದಾಖಲಾಗುತ್ತದೆ, ಯಾಕೆಂದರೆ ಪೌತಿ ಖಾತೆಗೆ, ವಿಮೆಗೆ, ಪಿಂಚಣಿಗೆ ಸರ್ಟಿಫಿಕೇಟ್ ಬೇಕು. ಸಾವಿನ ಕಾರಣ ಯಾರಿಗೂ ಬೇಕಿಲ್ಲ. ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದು ಸಹಿ ಹಾಕಿದ್ದು 2020ರಲ್ಲಿ ನೂರಕ್ಕೆ 22 ಚಿಲ್ಲರೆ. ಉಳಿದವು ಮನೆಯವರು ಹೇಳಿದ್ದು, ಇಲ್ಲವೇ ಏನೂ ಇಲ್ಲ.

ಹಳ್ಳಿಯಲ್ಲಿ ರಾತ್ರಿ ಮಲಗಿದವನು ಬೆಳಗ್ಗೆ ಏಳದಿದ್ದರೆ ಅದು ಹಾರ್ಟ್ ಅಟ್ಯಾಕ್. ಮಿದುಳಿನಲ್ಲಿ ರಕ್ತಸ್ರಾವ ಆಗಿರಬಹುದು, ಶ್ವಾಸಕೋಶಕ್ಕೆ ರಕ್ತದ ಗಂಟು ಹೋಗಿರಬಹುದು, ಬೇರೆ ಏನೋ ಆಗಿರಬಹುದು. ತಿಳಿಯಬೇಕೆಂದರೆ ಮರಣೋತ್ತರ ಪರೀಕ್ಷೆ ಆಗಬೇಕು. ಜುಲೈನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಆಸ್ಪತ್ರೆ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಎಂದು ಪ್ರಕಟಿಸಿದರು. ನಿರ್ಧಾರ ಸರಿಯಾದದ್ದೇ. ಆದರೆ ಮನೆ ಮುಂದೆ ಹೆಣ ಇಟ್ಟುಕೊಂಡು, ಬೆಂಗಳೂರಿನಿಂದ ಮಕ್ಕಳು ಬರುವುದನ್ನು ಕಾಯುತ್ತಿರುವ ಹೆಂಗಸಿಗೆ "ಕುಯ್ಯಬೇಕಮ್ಮ" ಎಂದು ಹೇಳುವವರು ಯಾರು? "ಹೋದ ಜೀವ ಬರುತ್ತಾ, ಸುಮ್ನೆ ಯಾಕೆ ಹಿಂಸೆ" ಎಂದು ಊರಿನ ಹಿರಿಯರೇ ತಡೆಯುತ್ತಾರೆ. ಕತ್ತಲಾಗುವ ಮೊದಲು ಮಣ್ಣು ಆಗಬೇಕು. ಅದಕ್ಕೇ ಆದೇಶಕ್ಕಿಂತ ಮೊದಲು ಆಗಬಹುದಾದ ಸಣ್ಣ ಕೆಲಸ ಇದೆ. ಆಶಾ ಕಾರ್ಯಕರ್ತೆ ಹದಿನೈದು ದಿನ ಬಿಟ್ಟು ಆ ಮನೆಗೆ ಹೋಗಿ, ಕುಳಿತು, ನೋವು ಎಲ್ಲಿತ್ತು, ಎಷ್ಟು ಹೊತ್ತಿತ್ತು, ಮಾತ್ರೆ ಏನಿತ್ತು ಎಂದು ಕೇಳಿ ಬರೆದುಕೊಳ್ಳುವುದು. ಇದಕ್ಕೆ ಒಪ್ಪಿತ ಪ್ರಶ್ನಾವಳಿಗಳಿವೆ, ದೇಶದ ಮಾದರಿ ಸಮೀಕ್ಷೆಗಳಲ್ಲಿ ಈಗಾಗಲೇ ಬಳಸುತ್ತಾರೆ. ಜಿಲ್ಲೆಯ ಮಟ್ಟಕ್ಕೆ ತಂದು, ತಿಂಗಳಿಗೊಮ್ಮೆ ತಾಲ್ಲೂಕುವಾರು ಅಂಕಿ ಹೊರಗಿಟ್ಟರೆ ಮುಂದಿನ ಪಟ್ಟಿ ಬಂದಾಗ ಪಕ್ಕದಲ್ಲಿಟ್ಟು ನೋಡಲು ಏನಾದರೂ ಇರುತ್ತದೆ.

ಹಾಗೆ ಕುಳಿತು ಕೇಳಿದರೆ ಏನು ಸಿಗುತ್ತದೆ ಎಂಬುದಕ್ಕೆ ಈ ಪ್ರಕರಣದಲ್ಲೇ ಒಂದು ಉದಾಹರಣೆ ಇದೆ. ಮೊಬೈಲಿನ ಪಟ್ಟಿಯಲ್ಲಿ ಹೆಸರು, ವಯಸ್ಸು, ಊರು ಇತ್ತು, ಕಸುಬು ಇರಲಿಲ್ಲ. ವಿಚಾರಣೆ ಮಾಡಿದಾಗ ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರು ಎದ್ದು ಕಾಣುವಷ್ಟಿದ್ದರು, ಸಚಿವರೇ ಆ ಮಾತು ಹೇಳಿದರು. ಇದು ಲಸಿಕೆ ವಾದದವರಿಗೂ ಬೇಕಿರಲಿಲ್ಲ, ಎಣ್ಣೆ ವಾದದವರಿಗೂ ಬೇಕಿರಲಿಲ್ಲ, ಹಾಗಾಗಿ ಎಲ್ಲೂ ಓಡಾಡಲಿಲ್ಲ. ದಿನಕ್ಕೆ ಹನ್ನೆರಡು ಗಂಟೆ ಕುಳಿತೇ ಇರುವುದು, ಹೊತ್ತಿಲ್ಲದ ಊಟ, ನಡುವೆ ನಾಲ್ಕು ಟೀ, ನಾಲ್ಕು ಸಿಗರೇಟು, ವಾಹನದ ಸಾಲದ ಕಂತು, ರಾತ್ರಿ ಬಾಡಿಗೆ ಸಿಕ್ಕರೆ ನಿದ್ದೆಯೂ ಇಲ್ಲ. ಇಂಟರ್‌ಹಾರ್ಟ್‌ನ ಒಂಬತ್ತರಲ್ಲಿ ನಾಲ್ಕೈದು ಒಬ್ಬನೇ ಮನುಷ್ಯನ ದಿನಚರಿಯಲ್ಲಿ ಸಿಗುತ್ತವೆ. ಚಾಲಕರಿಗೆ ತಪಾಸಣೆ ಮಾಡಿಸುತ್ತೇವೆ ಎಂದು ಸರ್ಕಾರ ಹೇಳಿದೆ. ಸಾಮಾನ್ಯವಾಗಿ ಇಂಥ ಕ್ಯಾಂಪುಗಳು ನಡೆಯುವುದು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಅಂದರೆ ಬಾಡಿಗೆ ಸಿಗುವ ಹೊತ್ತಿನಲ್ಲೇ. ರಾತ್ರಿ ಒಂಬತ್ತರ ಮೇಲೆ ಹಾಸನದ ಹೊಸ ಬಸ್ ಸ್ಟ್ಯಾಂಡಿನ ಆಟೋ ನಿಲ್ದಾಣಕ್ಕೇ ಬಿಪಿ ಮಿಷನ್ ತಗೊಂಡು ಹೋದರೆ ಜನ ಸಿಗುತ್ತಾರೆ.